ಕಾರವಿ ಕಡಿಯುವ ಬೇಸಿಗೆ

ಮಾಯಕ್ಕನ ಮನೆಯ ಗೋಡೆ ಕಾರವಿ ಕಡ್ಡಿಯದು, ಮೇಲೆ ಮಣ್ಣು ಮೆತ್ತಿದ್ದು. ಖಾನಾಪುರದಾಚೆಯ ಆ ಊರಲ್ಲಿ ಎಲ್ಲ ಮನೆಗಳೂ ಹಾಗೆಯೇ. ಕಾರವಿ ಗಿಡ ಏಳೆಂಟು ವರ್ಷಕ್ಕೊಮ್ಮೆ ಗುಡ್ಡದ ತುಂಬ ನೇರಳೆ ಹೂ ಬಿಟ್ಟು, ಬೀಜ ಸಿಡಿಸಿ, ನಿಂತಲ್ಲೇ ಒಣಗುತ್ತದೆ. ಒಣಗಿದ ಮೇಲೆಯೇ ಊರೆಲ್ಲ ಕೂಡಿ ಕಡಿಯಬೇಕು. ಹಸಿಯದನ್ನು ಯಾರೂ ಮುಟ್ಟುವಂತಿಲ್ಲ. ೧೯೮೪ರದು ಅಂಥ ಬೇಸಿಗೆ. ಮಾಯಕ್ಕನ ಪಡುವಣ ಗೋಡೆ ಗೆದ್ದಲು ತಿಂದು ಬಾಗಿತ್ತು. ಕಡ್ಡಿ ಬರದಿದ್ದರೆ ಮಳೆಗೆ ಬೀಳುವುದು ಖಂಡಿತ.

ಆಗಲೇ ಬೆಳಗಾವಿಯ ಬಿಂದುಮಾಧವ ದುರ್ಬೀನು ನೇತುಹಾಕಿಕೊಂಡು ಬಂದ. ಕಾಲೇಜಿನಲ್ಲಿ ಪಾಠ ಹೇಳುವವನು; ಮಂಗಟ್ಟೆ ಹಕ್ಕಿಯನ್ನೂ ಕಾರವಿಯನ್ನೂ ಹೋಲಿಸಿ ಪತ್ರಿಕೆಗೆ ಬರೆಯುತ್ತೇನೆಂದ. ಗೂಡು ಎಲ್ಲಿ, ಕಾರವಿ ಎಲ್ಲಿ ದಟ್ಟವಾಗಿದೆ ಎಂದು ಮನೆಮನೆಗೂ ಕೇಳಿದ. ಗುಡ್ಡದ ಬಗ್ಗೆ ವಿಚಾರಿಸಿದವರ ಹಿಂದೆಯೇ ಅರಣ್ಯ ಇಲಾಖೆಯ ಖಾಕಿ ಬರುವುದನ್ನು ಊರು ಕಂಡಿತ್ತು. ಅವನ ಚೀಲದಲ್ಲಿ ನಕಾಶೆಯಿದೆ ಎಂದರು ಕೆಲವರು. ಚಹಾ ಕುಡಿಯುವಾಗಲೂ ಗೋಡೆಯನ್ನೇ ನೋಡುತ್ತಿದ್ದ ಎಂದರು ಉಳಿದವರು.

ಅತ್ತೆ ಸತ್ಯವ್ವ ಉಪಾಯ ಹೇಳಿದಳು. "ಕಾರವಿ ಸುದ್ದಿ ತಗೀಬ್ಯಾಡ. ಹಕ್ಕಿ ತೋರಿಸಿ ಕಳಸಿಬಿಡು. ರೆಕ್ಕಿಲೆ ಯಾರರೆ ಗ್ವಾಡಿ ಕಟ್ಟ್ಯಾರೇನು?"

ಮಾಯಕ್ಕ ಅವನನ್ನು ಗುಡ್ಡದ ಹಿಂಬದಿಯಿಂದ ಕರೆದೊಯ್ದಳು. ಮರದ ಪೊಟರೆಯ ಬಾಯಿಗೆ ಮಣ್ಣು ಮೆತ್ತಿತ್ತು. ಸೀಳಿನಲ್ಲಿ ಕೊಕ್ಕಿನ ತುದಿ. ಹೆಣ್ಣು ತನ್ನನ್ನೇ ಒಳಗೆ ಮುಚ್ಚಿಕೊಂಡು ಮೊಟ್ಟೆಯಿಡುತ್ತದೆ, ಗಂಡು ಹಣ್ಣು ತಂದುಣಿಸುತ್ತದೆ, ಕಾರವಿಗೆ ಅಂಥ ಹಂಗಿಲ್ಲ, ಒಮ್ಮೆ ಹೂಬಿಟ್ಟು ಸಾಯುತ್ತದೆ ಎಂದು ಅವನು ವಿವರಿಸಿದ.

"ಗಂಡು ಬರಲಿಲ್ಲಂದ್ರ?"

"ಬರತದ, ಮಾಯಕ್ಕ."

"ಅದನ್ನ ಒಳಗ ಕುಂತಾಕಿ ಹೇಳಬೇಕ್ರಿ, ನೀವಲ್ಲ."

ಲೇಖನ ಅಚ್ಚಾಯಿತು. ವಾರದೊಳಗೆ ಗುಡ್ಡದ ಬುಡಕ್ಕೆ ಇಲಾಖೆಯ ಹಗ್ಗ ಬಿತ್ತು: ಮರಿ ಹಾರುವವರೆಗೆ ಯಾರೂ ಹತ್ತಕೂಡದು. ಊರಿನ ಲೆಕ್ಕದಲ್ಲಿ ಹಕ್ಕಿಯ ಬದಿ ಬೇರೆ, ಕಾರವಿಯ ಬದಿ ಬೇರೆ. ಕಚೇರಿಗೆ ಒಂದೇ ಗುಡ್ಡ. ಮರಿ ಹಾರುವಷ್ಟರಲ್ಲಿ ಮಳೆ ಹಿಡಿದು ಕಡ್ಡಿ ಕೊಳೆಯುತ್ತದೆ.

ಬಿಂದುಮಾಧವ ಓಡಿ ಬಂದ. ಹಗ್ಗ ತಾನು ಹಾಕಿಸಿದ್ದಲ್ಲ, ಮೇಲಿನವರಿಗೆ ಅರ್ಜಿ ಬರೆಯುತ್ತೇನೆ ಎಂದ. ನಂಬುವುದೋ ಬಿಡುವುದೋ ಮಾಯಕ್ಕನಿಗೆ ತಿಳಿಯಲಿಲ್ಲ.

"ಇನ್ನ ಏನೂ ಬರೀಬ್ಯಾಡ್ರಿ," ಎಂದಳು.

ಮರುದಿನ ನಡುಹಗಲಲ್ಲೇ ಊರ ಹೆಂಗಸರೆಲ್ಲ ಕುಡಗೋಲು ಹಿಡಿದು ಹಗ್ಗ ದಾಟಿದರು. ಗೂಡಿನ ಮರದತ್ತ ಒಬ್ಬರೂ ಸುಳಿಯಲಿಲ್ಲ. ಏದುಸಿರು ಬಿಡುತ್ತ ಹತ್ತಿ ಬಂದ ಗಾರ್ಡು, ಮೊದಲು ದಾಟಿದವರು ಯಾರೆಂದು ಕೇಳಿದ. ಮಾಯಕ್ಕ ತನ್ನ ಹೆಸರು ಹೇಳಿದಳು. ಕಡಿಯುವುದನ್ನು ನಿಲ್ಲಿಸಲಿಲ್ಲ.