ಗಂಡಾಂತರದ ಬಡಿತ

ಹಿಟ್ನಾಳದಲ್ಲಿ ಸುದ್ದಿ ಎಂದರೆ ಮುದಿಯಪ್ಪನ ತೊಗಲಿನ ಹಲಗೆ. ಕಂದಾಯಕ್ಕೆ ಒಂದು ಬಡಿತ, ಸಾವಿಗೆ ಒಂದು, ಗಂಡಾಂತರಕ್ಕೆ ಇನ್ನೊಂದು. ಈ ಕೊನೆಯದು ಕೇಳಿದರೆ ಉಣ್ಣುವವರು ಕೈ ತೊಳೆಯದೆ ಹೊರಗೆ ಓಡಿ ಬರುತ್ತಿದ್ದರು. ಬಣವೆಗಳಿಗೆ ಬೆಂಕಿ ಬಿದ್ದ ವರ್ಷ ಊರು ಉಳಿದದ್ದೇ ಆ ಬಡಿತದಿಂದ.

ಹೋದ ತಿಂಗಳು ಊರ ಹೊರಗೆ ಸಿನಿಮಾದ ಡೇರೆ ಬಂತು. ಡೇರೆಯ ಕಾಸೀಮಸಾಬನಿಗೆ ಜನ ಬೇಕಿತ್ತು. "ಎಲ್ಲಾರೂ ಓಡಿ ಬರೂ ಬಡಿತ ಯಾವುದೈತಿ, ಅದನ್ನ ಬಾರಸಪಾ" ಎಂದ.

"ಬ್ಯಾಡ, ಅದು ಆಟದ್ದಲ್ಲ" ಅಂದಳು ಹೆಂಡತಿ ಪಾರಮ್ಮ. ಮುದಿಯಪ್ಪ ಬಾರಿಸಿಯೇಬಿಟ್ಟ. ಊರೆಲ್ಲ ಕೊಡ ಹಿಡಿದು ಓಡಿ ಬಂತು. ಬೆಂಕಿ ಎಲ್ಲಿ ಎಂದವರಿಗೆ ಅವನು ಆಟದ ಹೆಸರು ಹೇಳಿದ. ಬೈದರು, ನಕ್ಕರು, ಸಂಜೆ ಡೇರೆಗೂ ಹೋದರು. ಆಮೇಲೆ ದಿನಾ ಅದೇ ಬಡಿತ.

ಇವತ್ತು ಪಾರಮ್ಮ ಇಲ್ಲ. ವಾಂತಿಭೇದಿ ಹಿಡಿದು ನಸುಕಿನಲ್ಲೇ ಹೋದಳು. ಕೊಪ್ಪಳದಿಂದ ಬಂದ ಡಾಕ್ಟರು, ಇದು ಕಾಲರಾ, ಊರ ಬಾವಿಯ ನೀರೇ ಕಾರಣ ಎಂದರು. ಔಷಧ ತರಲು ಅವರ ಜೊತೆ ಗಾಡಿ ಹತ್ತಿದ ಗೌಡರು, "ನಾ ಬರೂತನಕ ಯಾರೂ ಒಂದು ಹನಿ ಕುಡೀಬಾರದು. ಡಂಗುರ ಸಾರು" ಎಂದು ಹೇಳಿ ಹೋದರು.

ಹೆಂಡತಿಯನ್ನು ಮಣ್ಣು ಮಾಡಿದ ಕೈಯಲ್ಲೇ ಮುದಿಯಪ್ಪ ಹಲಗೆ ಎತ್ತಿದ. ಗಂಡಾಂತರದ ಬಡಿತವನ್ನೇ ಬಾರಿಸುತ್ತ ಓಣಿ ಓಣಿ ತಿರುಗಿದ. ಒಂದು ಬಾಗಿಲೂ ತೆರೆಯಲಿಲ್ಲ. ಡೇರೆಯ ಮೈಕಿನ ಕಹಳೆಯಿಂದ ಹಾಡು ಬೇರೆ ಕಿರುಚುತ್ತಿತ್ತು.

"ಬಾವಿ ನೀರು ಕುಡೀಬ್ಯಾಡ್ರೀ! ಕಾಲರಾ ಐತ್ರೀ!"

ಕಟ್ಟೆಯ ಮೇಲಿದ್ದ ಈಶಪ್ಪ ನಕ್ಕ. "ಇದು ಹೊಸಾ ಆಟೇನೋ? ಹಾಡು ಎಷ್ಟ ಅದಾವ?"

"ಆಟಲ್ರೀ ಯಪ್ಪಾ. ನನ್ನ ಹೇಣ್ತಿ ಸತ್ತಾಳ್ರೀ."

"ಮೊನ್ನಿ ಆಟದಾಗ ರಾಜಾನ ಹೇಣ್ತಿನೂ ಸತ್ತಿದ್ಲು. ಕಡೀಕ ಎದ್ದು ಬಂದ್ಲು!"

ಮುದಿಯಪ್ಪ ಬಾವಿಗೆ ಓಡಿದ. ವಿರೂಪಾಕ್ಷಮ್ಮ ಒಂದು ಕೊಡ ತುಂಬಿಟ್ಟು ಇನ್ನೊಂದನ್ನು ಇಳಿಬಿಡುತ್ತಿದ್ದಳು. ದಿನಾ ಪಾರಮ್ಮನ ಗಡಿಗೆಗೆ ಮೇಲಿಂದ ನೀರು ಹಾಕುತ್ತಿದ್ದವಳು ಅವಳೇ.

"ಯವ್ವಾ, ಚೆಲ್ರೀ ಅದನ್ನ. ನಮ್ಮ ಪಾರಿನ್ನ ತಿಂದಿದ್ದು ಇದ ನೀರು."

"ಸರಿಯೋ ಅತ್ಲಾಗ. ಕೂಸು ನೀರಡಿಸಿ ಅಳಾಕ ಹತ್ತೈತಿ."

ಆ ಕೊಡ ಅವನು ಮುಟ್ಟುವಂತಿರಲಿಲ್ಲ. ಬಾವಿಯ ಕಟ್ಟೆಯನ್ನು ಅವನ ಕೇರಿಯವರು ಯಾರೂ ಹತ್ತಿದ್ದಿಲ್ಲ. ಮುದಿಯಪ್ಪ ಹತ್ತಿದ. ಕೊರಳಿನ ಹಲಗೆ ತೆಗೆದು ಎದೆಗೆ ಒತ್ತಿಕೊಂಡ. ಆಮೇಲೆ ಬಾವಿಗೆ ಬಿಟ್ಟ.

"ಅಯ್ಯಯ್ಯೋ! ಬಾವಿಗೆ ತೊಗಲು ಹಾಕ್ಯಾನ! ಮೈಲಿಗಿ ಮಾಡ್ಯಾನ!" ವಿರೂಪಾಕ್ಷಮ್ಮ ಚೀರಿದಳು.

ಈಗ ಬಾಗಿಲುಗಳೆಲ್ಲ ತೆರೆದವು. ಬಡಿಗೆ ಹಿಡಿದು ಬಂದರು. ಮೊದಲ ಏಟು ಈಶಪ್ಪನದು. ಮುದಿಯಪ್ಪ ಕೆಳಗೆ ಬಿದ್ದ. ಮನೆಗಳಲ್ಲಿ ತುಂಬಿಟ್ಟ ನೀರು ಆಗ ಅವನ ನೆನಪಿಗೆ ಬಂತು.

"ನಿನ್ನೆನೂ ಬಾವಿ ಮುಟ್ಟೀನ್ರೀ" ಎಂದು ಸುಳ್ಳು ಹೇಳಿದ. "ನಿಮ್ಮ ಮನ್ಯಾಗಿರೂದೂ ಮೈಲಿಗಿ ನೀರ."

ಏಟುಗಳು ಹೆಚ್ಚಾದವು. ಹೆಂಗಸರು ಮನೆಗಳತ್ತ ಓಡಿದರು. ಡೇರೆಯ ಹಾಡು ಇನ್ನೂ ನಿಂತಿರಲಿಲ್ಲ. ಅದರ ನಡುವೆಯೇ, ಕಿವಿ ನೆಲಕ್ಕೆ ಹತ್ತಿ ಬಿದ್ದಿದ್ದ ಮುದಿಯಪ್ಪನಿಗೆ, ಓಣಿಯುದ್ದಕ್ಕೂ ಹಂಡೆ ಕೊಡಗಳನ್ನು ಬೋರಲು ಹಾಕುವ ಸಪ್ಪಳ ಕೇಳಿಸಿತು.