ಚೀಲದೊಳಗಿನ ಟ್ಯಾಬ್

ಶೆನ್‌ಜೆನ್‌ನ ಬಾವೊಆನ್‌ನಲ್ಲಿ ಪಾನ್ ಲೆಶಾನನ ಟ್ಯಾಬ್ ಕಾರ್ಖಾನೆ. ಅಲ್ಲಿ ಹೊಸ ಮಾದರಿ ಪಾಸೋ ಫೇಲೋ ಎಂದು ಹೇಳುವವಳು ಸುಯುನ್. ಒಂದು ಕಾಲಕ್ಕೆ ಇಬ್ಬರೂ ಬೇರೆಯವರ ಕೈಕೆಳಗೆ ಒಂದೇ ಮೇಜಿನಲ್ಲಿ ಕೂತು ಬೆಸುಗೆ ಹಾಕಿದವರು. ಅವಳಿಗೆ ಆ ಕೆಲಸ ಕಲಿಸಿದವನೇ ಅವನು. ವಯಸ್ಸಿನಲ್ಲಿ ಚಿಕ್ಕವನಾದ್ದರಿಂದ ಧಣಿಯಾದ ಮೇಲೂ ಅಕ್ಕ ಎಂದೇ ಕರೆಯುತ್ತಿದ್ದ.

ಈ ಸಲದ ಟ್ಯಾಬ್ ನಾನೂರು ಯುವಾನಿನೊಳಗೆ ಆಗಬೇಕಿತ್ತು. ಹದಿನೈದು ದಿನ ಇಬ್ಬರೂ ಜಗ್ಗಾಡಿದರು.

"ಲೋಹದ ಬೆನ್ನು ತೆಗಿ, ಪ್ಲಾಸ್ಟಿಕ್ ಹಾಕು. ಹಿಂದಿನ ಕ್ಯಾಮೆರಾನೂ ಬೇಡ. ಮೆಮೊರಿ ಚಿಪ್ ಮಾತ್ರ ಮುಟ್ಟಬೇಡ ನೋಡು, ಅದು ಸೋತ್ರೆ ಟ್ಯಾಬ್ ಇದ್ದೂ ಸತ್ತ ಹಾಗೆ," ಎಂದಳು ಸುಯುನ್.

"ಆಯ್ತಕ್ಕ, ಹೊಸ ಚಿಪ್ಪೇ ಹಾಕ್ತೀನಿ. ಸೊಸೆ ಹುಡುಕೋವಾಗ್ಲೂ ನೀನು ಇಷ್ಟು ಚೌಕಾಸಿ ಮಾಡ್ಲಿಲ್ಲ!"

ಒಪ್ಪಿದ ಮಾದರಿಯನ್ನು ಚೀಲಕ್ಕೆ ಹಾಕಿ, ಬಾಯಿಗೆ ಚೀಟಿ ಅಂಟಿಸಿ, ಸುಯುನ್ ಅದರ ಮೇಲೆ ಸಹಿ ಮಾಡಿದಳು. ಮುಂದೆ ತಯಾರಾಗುವ ಪ್ರತಿಯೊಂದು ಟ್ಯಾಬೂ ಅದರಂತೆಯೇ ಇರಬೇಕು. ತಕರಾರು ಬಂದರೆ ಕೊಂಡವರ ಮುಂದೆ ಬಿಚ್ಚುವುದು ಆ ಚೀಲವನ್ನೇ.

ಎರಡು ತಿಂಗಳಿಗೆ ತಕರಾರು ಬಂತು. ಮೊದಲು ಬಂದದ್ದು ಗೇಟಿನೆದುರು ಅಕ್ಕಿ ಶಾವಿಗೆ ಮಾರುವ ಮೋ ಅತ್ತೆಯಿಂದ. ಸುಯುನಳ ಮಾತು ನಂಬಿ ಆರ್ಡರ್ ಬರೆದುಕೊಳ್ಳಲು ಅದೇ ಟ್ಯಾಬ್ ಕೊಂಡಿದ್ದಳು.

"ಬಾರಮ್ಮ, ಪಾಸ್ ಮಾಡೋ ಮೇಡಮ್ಮು! ಇದು ಒಂದು ಆರ್ಡರ್ ತೋರ್ಸೋಷ್ಟರಲ್ಲಿ ನನ್ನ ಶಾವಿಗೆ ಗಂಜಿಯಾಗ್ತದೆ."

ಸುಯುನ್ ಅದನ್ನು ತಂದು ಬಿಚ್ಚಿ ನೋಡಿದಳು. ಹಳೆಯ ಫೋನಿನಿಂದ ಕಿತ್ತ ಚಿಪ್ಪು. ಮೇಲಿನ ಅಕ್ಷರ ಉಜ್ಜಿ ಹೊಸದಾಗಿ ಅಚ್ಚು ಹಾಕಿದ್ದರು. ಪಾಪ, ಲೆಶಾನನಿಗೆ ಯಾರೋ ಟೋಪಿ ಹಾಕಿದ್ದಾರೆ ಎಂದುಕೊಂಡಳು.

ಮರುದಿನ ಮಾಲು ಕೊಂಡ ಕಂಪನಿಯ ಫಾಂಗ್ ಮೇಡಂ ಬಂದಳು. ಸುಯುನ್ ತಾನೇ ಚೀಲ ತಂದು ಮೇಜಿನ ಮೇಲಿಟ್ಟಳು. "ಬಿಚ್ಚಿ ನೋಡಿ. ನಾನು ಪಾಸ್ ಮಾಡಿದ್ದು ಎಂಥದ್ದು ಅಂತ ಗೊತ್ತಾಗ್ತದೆ."

ಚೀಟಿ ನೆಟ್ಟಗಿತ್ತು, ಸಹಿಯೂ ಇತ್ತು. ಒಳಗಿನ ಟ್ಯಾಬಿನಲ್ಲಿ ಮಾತ್ರ ಅದೇ ಉಜ್ಜಿದ ಚಿಪ್ಪು.

ಸುಯುನ್ ಭೂತಗನ್ನಡಿ ಹಿಡಿದಳು. ಚಿಪ್ಪಿನ ಸುತ್ತ ಒಂದು ಕಲೆಯಿಲ್ಲ, ಎಲ್ಲೂ ಸುಟ್ಟಿಲ್ಲ. ಚೀಟಿಯನ್ನು ಬಿಸಿಗಾಳಿಯಲ್ಲಿ ಸುಕ್ಕಾಗದಂತೆ ಬಿಡಿಸಿ, ಇಷ್ಟು ನಾಜೂಕಾಗಿ ಬೆಸುಗೆ ಹಾಕುವ ಕೈ ಆ ಕಾರ್ಖಾನೆಯಲ್ಲಿ ಒಂದೇ. ಅವಳು ತಲೆಯೆತ್ತಿದಳು. ಲೆಶಾನ್ ಫಾಂಗ್ ಮೇಡಂಗೆ ಟೀ ಬಗ್ಗಿಸುತ್ತಿದ್ದ.

"ಅಕ್ಕನಿಗೆ ವಯಸ್ಸಾಯ್ತು ಮೇಡಂ. ಕಣ್ಣಿಗೆ ಬಿದ್ದಿಲ್ವೇನೋ," ಎಂದ.

"ನಾನು ಪಾಸ್ ಮಾಡಿದ್ದು ಇದಲ್ಲ," ಎಂದಳು ಸುಯುನ್.

"ಸಹಿ ನಿಮ್ದೇ ತಾನೇ?" ಎಂದು ಕೇಳಿದ ಫಾಂಗ್ ಮೇಡಂ, ಅವಳ ಹೆಸರು ಬರೆದುಕೊಂಡು ಹೊರಟುಹೋದಳು. ಇನ್ನು ಆ ಊರಿನ ಯಾವ ಕಾರ್ಖಾನೆಯಲ್ಲೂ ಆ ಸಹಿಗೆ ಬೆಲೆಯಿಲ್ಲ.

ಬಾಗಿಲು ಮುಚ್ಚಿದ ಮೇಲೆ ಲೆಶಾನ್ ಸ್ವರ ತಗ್ಗಿಸಿದ. "ಬೈಬೇಡಕ್ಕ. ಆ ರೇಟಿಗೆ ಹೊಸ ಚಿಪ್ ಕೂರ್ತಿರ್ಲಿಲ್ಲ. ಒಂದೊಂದು ಟ್ಯಾಬಲ್ಲಿ ಹದಿನೆಂಟು ಯುವಾನ್ ಮಿಕ್ತು."

"ಅಂಗಡಿಗೆ ಹೋದದ್ರಲ್ಲಿ ಮಿಕ್ತು, ಸರಿ," ಎಂದಳು ಸುಯುನ್. "ಚೀಲದಲ್ಲಿದ್ದದ್ದು ಒಂದೇ ಒಂದು. ಅದನ್ನೂ ಕೂತು ಬದಲಾಯ್ಸಿದ್ಯಲ್ಲ, ಅದ್ರಲ್ಲಿ ನಿಂಗೆಷ್ಟು ಮಿಕ್ತು?"