ಬಲಗೈ ಎತ್ತಿದವರು

“ನಿಮ್ಮ ಬೀದಿಯ ಚರಂಡಿ ಕಟ್ಟಿಕೊಂಡರೆ ಯಾರಿಗೆ ಹೇಳ್ತೀರಿ?”

ಜಗದಾಂಬಾ ಪ್ರಶ್ನೆ ಮುಗಿಸುವ ಮೊದಲೇ ಏಳನೆಯ ತರಗತಿಯ ಅಷ್ಟೂ ಮಕ್ಕಳ ಕೈ ಮೇಲೆದ್ದವು. ಕೊನೆಯ ಬೆಂಚಿನಲ್ಲಿ ಮೊಣಕಾಲು ಒಳಗೆ ಹಿಡಿಸದೆ ಓರೆಯಾಗಿ ಕೂತಿದ್ದ ಸೋಮಲಿಂಗಪ್ಪನವರು ಮೆಚ್ಚಿ ತಲೆಯಾಡಿಸಿದರು. ಅವರು ಶಾಲೆಯ ಆಡಳಿತ ಮಂಡಳಿಯವರು. ಟೆಂಪರರಿ ಟೀಚರುಗಳಲ್ಲಿ ಯಾರನ್ನು ಕಾಯಂ ಮಾಡಬೇಕು, ಯಾರನ್ನು ಬರುವ ವರ್ಷ ಕರೆಯಬಾರದು ಎಂಬುದನ್ನು ಹೀಗೆ ಒಂದು ಪೀರಿಯಡ್ ಕೂತು ನೋಡಿಯೇ ತೀರ್ಮಾನಿಸುತ್ತಿದ್ದರು. ಈ ವಯಸ್ಸಿನಲ್ಲಿ ಇನ್ನೊಂದು ಶಾಲೆಯ ಮೆಟ್ಟಿಲು ಹತ್ತಿ, ಮಗಳ ವಾರಿಗೆಯ ಹುಡುಗಿಯರ ಪಕ್ಕ ಇಂಟರ್‌ವ್ಯೂಗೆ ಕಾಯುವುದು ಇನ್ನೂ ಟೆಂಪರರಿಯಾಗೇ ಇದ್ದ ಜಗದಾಂಬಾಳಿಗೆ ಬೇಡವಾಗಿತ್ತು.

ಆ ಕೈಗಳ ಗುಟ್ಟು ಸೋಮಲಿಂಗಪ್ಪನವರಿಗೆ ತಿಳಿದಿರಲಿಲ್ಲ. ನಿನ್ನೆಯೇ ಮಕ್ಕಳಿಗೆ ಹೇಳಿಕೊಟ್ಟಾಗಿತ್ತು: ಎಲ್ಲರೂ ಕೈ ಎತ್ತಬೇಕು; ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಈ ಉಪಾಯ ಅವಳದಲ್ಲ, ಸ್ಟಾಫ್ ರೂಮಿನಲ್ಲಿ ಹಳಬರಿಂದ ಹೊಸಬರಿಗೆ ದಾಟುತ್ತ ಬಂದದ್ದು. ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ಸುಸ್ತು ಮಾತ್ರ. ಎದುರು ಕೂತವರ ಬಲಗೈ ತನಗೆ ಎಡಕ್ಕೆ ಕಾಣುತ್ತದೆ ಎಂದು ಮತ್ತೆ ಮತ್ತೆ ತನಗೇ ಹೇಳಿಕೊಳ್ಳುತ್ತ ಅವಳು ಸಾಲುಗಳ ಮೇಲೆ ಕಣ್ಣಾಡಿಸಿದಳು.

ಕಿಟಕಿ ಪಕ್ಕದ ರಮ್ಯ ಬಲಗೈ ಎತ್ತಿದ್ದಳು.

ರಮ್ಯ ನಾಯಂಡಹಳ್ಳಿಯಿಂದ ಬರುವ ಹುಡುಗಿ. ಹೋದ ವಾರ ಇದೇ ಪಾಠ ಮಾಡುವಾಗ ಎದ್ದು ನಿಂತಿದ್ದಳು. “ಮಿಸ್, ನಮ್ ವಾರ್ಡಿಗೆ ಕಾರ್ಪೊರೇಟರ್ರೇ ಇಲ್ವಂತೆ. ಎಲೆಕ್ಷನ್ ಆಗಿ ಎಷ್ಟೋ ವರ್ಷ ಆಯ್ತಂತೆ. ಮನೆ ಮುಂದೆ ಮೋರಿ ನೀರು ನಿಂತಿದೆ, ಅಮ್ಮಂಗೆ ಆಫೀಸಿಗೆ ಅಲೆದೂ ಅಲೆದೂ ಸಾಕಾಗಿದೆ. ಹಂಗಾದ್ರೆ ಯಾರಿಗ್ ಹೇಳೋದು?”

“ನೀನೇ ನಿಂತ್ಕೊಳೇ, ನಾನ್ ಓಟ್ ಹಾಕ್ತೀನಿ,” ಎಂದು ಹಿಂದಿನಿಂದ ಮಧುಕುಮಾರ್ ಕೂಗಿದ್ದ. ತರಗತಿ ನಕ್ಕಿತ್ತು. ಗದ್ದಲ ಅಡಗಿಸುವ ಆತುರದಲ್ಲಿ ಜಗದಾಂಬಾ, “ಪುಸ್ತಕದಲ್ಲಿ ಇರೋದನ್ನ ಬರ್ಕೋ ರಮ್ಯ,” ಎಂದು ಕೂರಿಸಿದ್ದಳು.

ಇವತ್ತು ಇವಳನ್ನು ಕೇಳಿದರೆ ಏನು ಹೇಳುತ್ತಾಳೆಂದು ಬೇರೆ ಊಹಿಸಬೇಕಾಗಿರಲಿಲ್ಲ. “ವಚನಾ, ನೀನು ಹೇಳು.”

“ನಮ್ಮ ವಾರ್ಡಿನಿಂದ ಆಯ್ಕೆಯಾದ ಕಾರ್ಪೊರೇಟರಿಗೆ,” ಎಂದಳು ಮುಂದಿನ ಬೆಂಚಿನ ವಚನಾ, ಒಂದೇ ಉಸಿರಿನಲ್ಲಿ.

“ವೆರಿ ಗುಡ್. ಅವರನ್ನ ಯಾರು ಆರಿಸ್ತಾರೆ, ಎಷ್ಟು ವರ್ಷಕ್ಕೆ?”

ಮತ್ತೆ ಎಲ್ಲ ಕೈಗಳೂ. ಮತ್ತೆ ರಮ್ಯಳ ಬಲಗೈ, ಈ ಸಲ ಮೊಣಕೈ ನೆಟ್ಟಗಾಗುವಷ್ಟು ಮೇಲೆ. ಜಗದಾಂಬಾ ಬೇರೆ ಸಾಲಿನ ಕಡೆ ತಿರುಗಿ ಹೆಸರು ಕರೆಯುವುದರಲ್ಲಿದ್ದಳು.

“ಮೇಡಂ,” ಎಂದರು ಸೋಮಲಿಂಗಪ್ಪನವರು. “ಕಿಟಕಿ ಕಡೆ ಆ ಹುಡುಗಿ ಆಗಿಂದ ಕೈ ಇಳಿಸೇ ಇಲ್ಲ ನೋಡ್ರಿ. ಪಾಪ, ಅವಳನ್ನೂ ಒಂದು ಕೇಳ್ರಿ.”

“ರಮ್ಯ,” ಎಂದಳು ಜಗದಾಂಬಾ.

ರಮ್ಯ ಎದ್ದು ನಿಂತಳು. ಬಾಯಿ ತೆರೆದವಳು ಒಮ್ಮೆ ಮಿಸ್ಸಿನ ಮುಖ ನೋಡಿದಳು. ಜಗದಾಂಬಾ ಕಣ್ಣು ತಪ್ಪಿಸಲು ಮರೆತಿದ್ದಳು. ಆ ಕಣ್ಣಲ್ಲಿ ಏನಿತ್ತೋ, ಹುಡುಗಿ ತೆರೆದ ಬಾಯಿ ಮುಚ್ಚಿದಳು.

“ವಾರ್ಡಿನ ಮತದಾರರು ಆರಿಸುತ್ತಾರೆ. ಐದು ವರ್ಷಗಳಿಗೊಮ್ಮೆ ಚುನಾವಣೆ ನಡೆಯುತ್ತದೆ,” ಎಂದಳು. ಪುಸ್ತಕದ ಸಾಲು, ಒಂದಕ್ಷರ ಹೆಚ್ಚುಕಡಿಮೆಯಿಲ್ಲ.

“ಶಭಾಷ್!” ಸೋಮಲಿಂಗಪ್ಪನವರು ಬೆಂಚಿನಿಂದ ಕಾಲು ಬಿಡಿಸಿಕೊಂಡು ಎದ್ದರು. “ಚಲೋ ತಯಾರು ಮಾಡೀರಿ ಮೇಡಂ. ಹೆಡ್‌ಮಿಸ್‌ಗೆ ಹೇಳ್ತೀನಿ, ಕಾಯಂ ಆರ್ಡರ್ ಮಾಡಿಬಿಡೋಣ.”

ಊಟದ ಬೆಲ್ಲಿಗೆ ಮಕ್ಕಳು ಹೊರಗೆ ನುಗ್ಗಿದರು. ಬಾಗಿಲ ಬಳಿ ಜಗದಾಂಬಾ ರಮ್ಯಳ ತೋಳು ಹಿಡಿದು ನಿಲ್ಲಿಸಿದಳು.

“ಬೇರೆ ಏನೋ ಹೇಳ್ಬೇಕು ಅಂತಿದ್ದೆ ಅಲ್ವೇನೇ?”

“ಏನಿಲ್ಲ ಮಿಸ್.”

“ಪರವಾಗಿಲ್ಲ, ಈಗ ಹೇಳು.”

ರಮ್ಯ ಟಿಫಿನ್ ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. “ನಿಮ್ ಕೆಲ್ಸ ಪರ್ಮನೆಂಟ್ ಆಯ್ತಾ ಮಿಸ್?”

ಜಗದಾಂಬಾ ಹಿಡಿದಿದ್ದ ತೋಳು ಬಿಟ್ಟಳು. “ಯಾರು ಹೇಳಿದ್ದು ನಿನಗೆ?”

“ಎಲ್ಲಾರ್ಗೂ ಗೊತ್ತು ಮಿಸ್. ಯಾರೂ ತಪ್ಪು ಹೇಳ್ಬಾರ್ದು ಅಂತ ಬೆಳಗ್ಗೆನೇ ಮಾತಾಡ್ಕೊಂಡಿದ್ವಿ.” ತಲೆ ತಗ್ಗಿಸಿದಳು. “ನಂಗೇ ತಡ್ಕೊಳಕ್ಕಾಗ್ಲಿಲ್ಲ. ಬಲಗೈ ಎತ್ಬಿಟ್ಟೆ. ಸಾರಿ ಮಿಸ್.”

“ಆಗುತ್ತೆ ಅಂದಿದಾರೆ,” ಎಂದಳು ಜಗದಾಂಬಾ. “ಹೋಗು, ಊಟ ಮಾಡು.”

ರಮ್ಯ ನಕ್ಕು, ಮೆಟ್ಟಿಲಿಳಿದು ಓಡಿದಳು. ಕೆಳಗೆ ಅಂಗಳದ ನಲ್ಲಿಗಳ ಹತ್ತಿರ ನೂಕುನುಗ್ಗಲು. ದೊಡ್ಡ ಹುಡುಗರು ಪಕ್ಕದಿಂದ ಕೈ ತೂರಿಸಿ ತೊಳೆದುಕೊಂಡು ಹೋಗುತ್ತಿದ್ದರು. ಅಲ್ಲಿ ಸಾಲು ಅನ್ನುವುದೇ ಇರಲಿಲ್ಲ. ಆದರೂ ರಮ್ಯ ಟಿಫಿನ್ ಬ್ಯಾಗನ್ನು ಎದೆಗೆ ಒತ್ತಿಕೊಂಡು, ಸಾಲಿನಲ್ಲಿ ನಿಂತವಳ ಹಾಗೆ, ತನ್ನ ಸರದಿಗೆ ಕಾಯುತ್ತಿದ್ದಳು.